‘ಬರ್ಬರ’ ಎಂಬ ಹೆಸರು

ಮರಾಕೇಶ್ ನಗರದಿಂದ ಹೊರಟು, ಎತ್ತರದ ತಿಶ್ಕಾ ಘಾಟಿಯಲ್ಲಿ ಅಟ್ಲಾಸ್ ಪರ್ವತವನ್ನು ದಾಟಿ, ಮೆರ್ಜೂಗದ ಮರಳುದಿಬ್ಬಗಳಲ್ಲಿ ಒಂಟೆಯೇರುವುದು. ನಡುವೆ ‘ಬರ್ಬರ್ ಹಳ್ಳಿ’ಗಳಲ್ಲಿ ಪುದೀನ ಚಹಾ. ಮೊರಾಕ್ಕೊ ದೇಶದ ಮೂರು ದಿನಗಳ ಪ್ರವಾಸವೆಂದರೆ ಇಷ್ಟೆ.

ನಾನು ಅದನ್ನು ಕಂಡವನಲ್ಲ, ಓದಿದವನು. ಆದರೂ ಆ ಹೆಸರು ನನ್ನನ್ನು ಚುಚ್ಚಿತು. ನಮ್ಮಲ್ಲಿ ಬರ್ಬರನೆಂದರೆ ಕ್ರೂರಿ, ಅನಾಗರಿಕ. ಗ್ರೀಕರು ತಮ್ಮ ನುಡಿಯಾಡದ ಪರಕೀಯರನ್ನೆಲ್ಲ ಹಾಗೆಯೇ ಕರೆದರು. ಆ ಜನ ತಮ್ಮನ್ನು ಕರೆದುಕೊಳ್ಳುವುದು ಅಮಾಜಿಗರೆಂದು. ಅವರ ಭಾಷೆಗೆ ಅಲ್ಲಿಯ ಸಂವಿಧಾನದಲ್ಲಿ ಅಧಿಕೃತ ಸ್ಥಾನ ದೊರೆತದ್ದು 2011ರಲ್ಲಿ.

ಮನೆತನದಲ್ಲಿಯೇ ಮೊದಲು ಕಾಲೇಜಿಗೆ ಬಂದ ನಾನು, ಪೇಟೆಯಲ್ಲಿ ‘ಹಳ್ಳಿ ಗಮಾರ’ ಎನ್ನಿಸಿಕೊಂಡವನು. ಪರರು ಇಟ್ಟ ಹೆಸರಿನ ಭಾರವನ್ನು ಬಲ್ಲೆ. ಪ್ರವಾಸಿಗರು ಚಹಾ ಕುಡಿಯುವ ಮುನ್ನ, “ನಿಮ್ಮನ್ನು ನೀವು ಏನೆಂದು ಕರೆದುಕೊಳ್ಳುವಿರಿ?” ಎಂದು ಕೇಳಲಿ. ಊರು ನೋಡುವುದು ಅಲ್ಲಿಂದ ಆರಂಭವಾಗಲಿ.