ಕಿರೀಟವಿಲ್ಲದ ಹದಿನೇಳು ವರ್ಷಗಳು

ಒಬ್ಬ ಆಟಗಾರನು ಅಂಗಳದಿಂದ ನಿವೃತ್ತನಾದ ದಿನವೇ ಅವನ ಲೆಕ್ಕಪುಸ್ತಕವನ್ನು ಬಿಚ್ಚಿ ಕೂಡುವುದು ಲೋಕರೂಢಿ. ಎಷ್ಟು ಗೆದ್ದ, ಎಷ್ಟು ಸೋತ, ಯಾರಿಗಿಂತ ಮೇಲು, ಯಾರಿಗಿಂತ ಕಡಿಮೆ ಎಂಬ ತೂಗುವಿಕೆ ಆಗ ಆರಂಭವಾಗುತ್ತದೆ. ಈ ತೂಕ ಎಷ್ಟರಮಟ್ಟಿಗೆ ನ್ಯಾಯವಾದುದೆಂದು ವಿಚಾರಿಸಲು ಅಮೆರಿಕದ ಡ್ಯಾನ್ ಮರೀನೊ ಅವರ ಬಾಳು ತಕ್ಕ ನಿದರ್ಶನ. 2000ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಅವರು ಅಮೆರಿಕನ್ ಫುಟ್‌ಬಾಲಿನಿಂದ ನಿವೃತ್ತರಾದಾಗ ಚೆಂಡೆಸೆತದ ಮುಖ್ಯ ದಾಖಲೆಗಳು ಅವರ ಹೆಸರಿನಲ್ಲಿದ್ದವು. ಆದರೆ ಆ ಆಟದ ಪರಮೋಚ್ಚ ಪ್ರಶಸ್ತಿಯಾದ ಸೂಪರ್ ಬೌಲ್ ಮಾತ್ರ ಒಮ್ಮೆಯೂ ಅವರ ಕೈಸೇರಲಿಲ್ಲ.

ಈ ಆಟದ ಪರಿಚಯ ನಮ್ಮ ಓದುಗ ಬಂಧುಗಳಲ್ಲಿ ಅನೇಕರಿಗೆ ಇರಲಾರದು. ಹೆಸರು ಫುಟ್‌ಬಾಲ್ ಆದರೂ ಚೆಂಡು ಕಾಲಿಗಿಂತ ಕೈಯಲ್ಲಿಯೇ ಹೆಚ್ಚು ಓಡಾಡುತ್ತದೆ. ಪಕ್ಷಕ್ಕೆ ಹನ್ನೊಂದು ಮಂದಿ. ಚೆಂಡು ಪಡೆದ ಪಕ್ಷವು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ಕೊನೆಯ ಗೆರೆಯನ್ನು ಚೆಂಡಿನೊಡನೆ ದಾಟಿದರೆ ಅದು ಟಚ್‌ಡೌನ್. ಅದಕ್ಕೆ ಆರು ಅಂಕ. ಈ ಮುನ್ನಡೆಯ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ಚೆಂಡು ಅವನ ಕೈಸೇರಿದ ಕ್ಷಣವೇ ಎದುರಾಳಿಗಳು ಅವನ ಮೇಲೆರಗಲು ಧಾವಿಸುತ್ತಾರೆ. ಎರಡು ಮೂರು ಸೆಕೆಂಡುಗಳಲ್ಲಿ ಅವನು ಇಡೀ ಅಂಗಳವನ್ನು ಕಣ್ಣಿನಲ್ಲಿ ಅಳೆದು, ತನ್ನವರಲ್ಲಿ ಯಾರು ಬಿಡುವಾಗಿದ್ದಾರೆಂದು ಅರಿತು, ಅವರು ತಲುಪಲಿರುವ ಜಾಗಕ್ಕೆ ಚೆಂಡನ್ನು ಎಸೆಯಬೇಕು. ಮರೀನೊ ಅವರ ಹಿರಿಮೆ ಇದ್ದುದು ಇಲ್ಲಿಯೇ. ಅವರ ಕೈಯಿಂದ ಚೆಂಡು ಹೊರಡುತ್ತಿದ್ದ ವೇಗವನ್ನು ಇಂದಿಗೂ ಆ ಆಟವನ್ನು ಬಲ್ಲವರು ಮಾದರಿಯೆಂದು ಹೇಳುತ್ತಾರೆ.

1961ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಹುಟ್ಟಿದ ಅವರು ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ಆಡಿ ಹೆಸರಾದರು. ಆದರೆ ಕೊನೆಯ ವರ್ಷದ ಆಟ ಮಂಕಾಯಿತು. 1983ರಲ್ಲಿ ವೃತ್ತಿ ತಂಡಗಳು ಸರದಿಯ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳುವಾಗ ಇಪ್ಪತ್ತಾರು ಮಂದಿ ಅವರಿಗಿಂತ ಮೊದಲೇ ಆಯ್ಕೆಯಾದರು. ಅವರಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳೇ. ಇಪ್ಪತ್ತೇಳನೆಯವರಾಗಿ ಅವರು ಮಯಾಮಿ ಡಾಲ್ಫಿನ್ಸ್ ತಂಡವನ್ನು ಸೇರಿದರು. ಅಲ್ಲಿ ಅವರ ಗುರುಗಳಾದವರು ಪ್ರಖ್ಯಾತ ತರಬೇತುದಾರ ಡಾನ್ ಶೂಲ.

ಮರುವರ್ಷವೇ ನಡೆದುದು ಆ ಆಟದ ಚರಿತ್ರೆಯಲ್ಲಿ ಅಪೂರ್ವವಾದುದು. ಒಂದು ಋತುವಿನಲ್ಲಿ ಚೆಂಡೆಸೆದು ಗಳಿಸಿದ ಟಚ್‌ಡೌನ್‌ಗಳ ದಾಖಲೆ ಅದುವರೆಗೆ 36 ಆಗಿತ್ತು. 1984ರಲ್ಲಿ ಮರೀನೊ ಅವರು ಗಳಿಸಿದುದು 48. ಎಸೆತದಿಂದ ಮುನ್ನಡೆದ ದೂರ 5,084 ಗಜ. ಒಂದು ಋತುವಿನಲ್ಲಿ ಐದು ಸಾವಿರ ಗಜವನ್ನು ದಾಟಿದವರಲ್ಲಿ ಅವರೇ ಮೊದಲಿಗರು. ಈ ಗಜಗಳ ದಾಖಲೆ ಇಪ್ಪತ್ತೇಳು ವರ್ಷ ಅಳಿಯದೆ ನಿಂತು, 2011ರಲ್ಲಿ ಡ್ರೂ ಬ್ರೀಸ್ ಅವರಿಂದ ಮುರಿಯಲ್ಪಟ್ಟಿತು. ಅಷ್ಟರಲ್ಲಿ ಎಸೆಯುವವರಿಗೂ ಹಿಡಿಯುವವರಿಗೂ ಹೆಚ್ಚಿನ ರಕ್ಷಣೆ ಕೊಡುವ ಹಾಗೆ ನಿಯಮಗಳೂ ಬಿಗಿಯಾಗಿದ್ದವು. ಆದುದರಿಂದ ಇಂದಿನ ಅಂಕಿಗಳ ಪಕ್ಕದಲ್ಲಿ ಅಂದಿನ ಅಂಕಿಗಳನ್ನು ಇಟ್ಟು ನೋಡುವವರು ಕಾಲದ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಅದೇ ಋತುವಿನ ಕೊನೆಗೆ, ತಮ್ಮ ಹುಟ್ಟೂರಿನ ತಂಡವನ್ನೇ ಸೋಲಿಸಿ ಅವರು ಸೂಪರ್ ಬೌಲ್ ಅಂಗಳಕ್ಕೆ ಇಳಿದರು. 1985ರ ಜನವರಿ 20ರಂದು ಜೋ ಮೊಂಟಾನ ಅವರ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಎದುರು ಮಯಾಮಿ 16–38ರಿಂದ ಸೋತಿತು. ಅಂದು ಮರೀನೊ ಐವತ್ತು ಬಾರಿ ಚೆಂಡೆಸೆದರು. ಅವರ ತಂಡದವರು ಚೆಂಡು ಹಿಡಿದು ಓಡಿದುದು ಒಂಬತ್ತೇ ಬಾರಿ, ಸಾಗಿದುದು ಇಪ್ಪತ್ತೈದೇ ಗಜ. ಒಬ್ಬನ ತೋಳನ್ನು ಮಾತ್ರ ತಡೆದರೆ ಸಾಕೆಂದು ಎದುರಾಳಿಗಳಿಗೆ ತಿಳಿದಿತ್ತು. ಆಗ ಅವರಿಗೆ ಇಪ್ಪತ್ತಮೂರೇ ವರ್ಷ. ಇಂತಹ ಅವಕಾಶಗಳು ಇನ್ನೂ ಎಷ್ಟೋ ಬರುವುವೆಂದು ಯಾರಾದರೂ ಎಣಿಸುವಂತಹ ವಯಸ್ಸು ಅದು. ಆದರೆ 1985ರ ಮತ್ತು 1992ರ ಋತುಗಳಲ್ಲಿ ಹೊಸ್ತಿಲವರೆಗೆ ಬಂದೂ ತಂಡ ಹಿಂದಿರುಗಬೇಕಾಯಿತು. ಆ ಅಂಗಳವನ್ನು ಅವರು ಮತ್ತೆ ಮೆಟ್ಟಲಿಲ್ಲ.

ಗುಣಗಳನ್ನು ಹೇಳುವಾಗ ಕೊರತೆಯನ್ನು ಮರೆಮಾಚುವುದು ನ್ಯಾಯವಲ್ಲ. ಋತುವಿನ ಸಾಮಾನ್ಯ ಪಂದ್ಯಗಳಲ್ಲಿ 147 ಗೆಲುವುಗಳನ್ನು ಕಂಡ ಅವರು, ನಿರ್ಣಾಯಕವಾದ ಕೊನೆಯ ಸುತ್ತಿನ ಪಂದ್ಯಗಳಲ್ಲಿ ಎಂಟನ್ನು ಗೆದ್ದು ಹತ್ತನ್ನು ಸೋತಿದ್ದಾರೆ. ಇದನ್ನೇ ಹಿಡಿದು ಅವರನ್ನು ಎರಡನೆಯ ಸಾಲಿಗೆ ಇಳಿಸುವವರು ಉಂಟು. ಆದರೆ ಹದಿನೇಳು ವರ್ಷಗಳಲ್ಲಿ ಅವರ ತಂಡದ ಓಟಗಾರನೊಬ್ಬನು ಒಂದು ಋತುವಿನಲ್ಲಿ ಸಾವಿರ ಗಜ ದಾಟಿದುದು ಒಂದೇ ಸಲ, 1996ರಲ್ಲಿ. ಹನ್ನೊಂದು ಮಂದಿಯ ಪಕ್ಷಕ್ಕೆ ಸಲ್ಲುವ ಕಿರೀಟವನ್ನು ಒಬ್ಬನ ತಲೆಗೆ ತೊಡಿಸುವುದೂ, ಹನ್ನೊಂದು ಮಂದಿಯ ಸೋಲನ್ನು ಒಬ್ಬನ ಹೆಗಲಿಗೆ ಹೊರಿಸುವುದೂ ಒಂದೇ ಬಗೆಯ ತಪ್ಪೆಂದು ನಮಗೆ ತೋರುತ್ತದೆ. ಮರೀನೊ ನಿವೃತ್ತರಾದ 2000ದಲ್ಲಿಯೇ 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿ, ಇಪ್ಪತ್ತಮೂರು ಋತುಗಳನ್ನು ಆಡಿ ಏಳು ಸೂಪರ್ ಬೌಲ್ ಗೆದ್ದು, 2023ರಲ್ಲಿ ನಿವೃತ್ತರಾದರು. ಅವರ ಸಾಧನೆ ಅಸಾಧಾರಣವೆಂಬುದು ನಿರ್ವಿವಾದ. ಅದರಿಂದ ಮರೀನೊ ಅವರ ಒಂದು ಎಸೆತವೂ ಕಿರಿದಾಗುವುದಿಲ್ಲ.

1993ರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಆ ಋತುವೇ ಕೈತಪ್ಪಿದಾಗ ಇವರ ಆಟ ಮುಗಿಯಿತೆಂದು ಭಾವಿಸಿದವರಿದ್ದರು. ಮರುವರ್ಷದ ಮೊದಲ ಪಂದ್ಯದಲ್ಲಿಯೇ ಐದು ಟಚ್‌ಡೌನ್ ಎಸೆದು ಅವರು ಉತ್ತರವಿತ್ತರು. ಕೊನೆಯ ಪಂದ್ಯ ಮಾತ್ರ ಕಹಿಯಾಗಿತ್ತು. 2000ದ ಜನವರಿಯಲ್ಲಿ ಜಾಕ್ಸನ್‌ವಿಲ್ ತಂಡದೆದುರು 7–62ರ ಸೋಲು. ಬಳಿಕ ಬೇರೆ ತಂಡದ ಕರೆ ಬಂದರೂ ಅದನ್ನು ಒಪ್ಪದೆ, ಹದಿನೇಳು ಋತುಗಳನ್ನೂ ಒಂದೇ ತಂಡಕ್ಕೆ ಸಲ್ಲಿಸಿ ಅವರು ಹೊರನಡೆದರು. ಆಗ ಅವರ ಹೆಸರಿನಲ್ಲಿದ್ದುದು 61,361 ಗಜ, 420 ಟಚ್‌ಡೌನ್. 2007ರಲ್ಲಿ ಬ್ರೆಟ್ ಫಾರ್ವ್ ಇವೆರಡನ್ನೂ ದಾಟಿದರು. ದಾಖಲೆ ಎಂಬುದು ಇನ್ನೊಬ್ಬರು ಬರುವ ತನಕ ಕಾಯುವ ಕಾವಲುಗಾರ ಮಾತ್ರ.

ದಾಟಲಾಗದಂತಹುದು ಬೇರೊಂದಿದೆ. ತಮ್ಮ ಮಗನಿಗೆ ಆಟಿಸಂ ಇರುವುದು ತಿಳಿದ ಮೇಲೆ ಮರೀನೊ ದಂಪತಿಗಳು 1992ರಲ್ಲಿ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಮಯಾಮಿಯ ಮಕ್ಕಳ ಆಸ್ಪತ್ರೆಯೊಡನೆ ಕೂಡಿ 1995ರಲ್ಲಿ ಇಂತಹ ಮಕ್ಕಳ ತಪಾಸಣೆ ಮತ್ತು ಚಿಕಿತ್ಸೆಗಾಗಿ ಕೇಂದ್ರವೊಂದು ತೆರೆಯಿತು. ಮುಂದೆ ಬೆಳೆದ ಯುವಕ ಯುವತಿಯರಿಗೆ ಉದ್ಯೋಗದ ತರಬೇತಿ ಕೊಡುವ ವಿದ್ಯಾಸಂಸ್ಥೆಯೂ ರೂಪುಗೊಂಡಿತು. ಮನೆಯೊಳಗಿನ ದುಃಖವನ್ನು ಬಾಗಿಲು ಮುಚ್ಚಿ ಬಚ್ಚಿಡದೆ, ಅದೇ ದುಃಖವಿರುವ ಸಾವಿರಾರು ಮನೆಗಳಿಗೆ ದಾರಿಯಾಗಿಸಿದ ಈ ಕೆಲಸ ಯಾವ ಅಂಕಪಟ್ಟಿಯಲ್ಲಿಯೂ ಸೇರುವುದಿಲ್ಲ.

2005ರಲ್ಲಿ ಅಮೆರಿಕನ್ ಫುಟ್‌ಬಾಲಿನ ಕೀರ್ತಿಭವನ ಅವರನ್ನು ಸೇರಿಸಿಕೊಂಡಿತು. ಪ್ರಶಸ್ತಿ ಗೆಲ್ಲಲಿಲ್ಲವೆಂಬ ಕಾರಣ ಅಲ್ಲಿ ಅಡ್ಡಿಯಾಗಲಿಲ್ಲ. ಓದುಗ ಬಂಧುಗಳು ಇದನ್ನು ಗಮನಿಸಬೇಕೆಂದು ನಮ್ಮ ಬಯಕೆ. ನಮ್ಮ ಮನೆಗಳಲ್ಲಿಯೂ ಫಲಿತಾಂಶದ ದಿನಗಳು ಬರುತ್ತವೆ. ಮೊದಲ ಸ್ಥಾನ ಬರಲಿಲ್ಲವೆಂದು ತಲೆತಗ್ಗಿಸಿ ನಿಂತ ಮಗುವಿಗೆ, ಅದು ಪಟ್ಟ ಶ್ರಮವನ್ನು ಕಂಡ ಹಿರಿಯರಾದರೂ ಒಂದು ಒಳ್ಳೆಯ ಮಾತನಾಡಲಿ. ಶ್ರಮಕ್ಕೆ ಸಾಕ್ಷಿಯಾದವರು ಅದನ್ನು ಹೇಳದಿದ್ದರೆ ಮತ್ತಾರು ಹೇಳಬೇಕು?