ಕಿಲೋ ಓಮ್ ಲೆಕ್ಕದಲ್ಲಿ ಮೆಟಲ್ ಸಿಗಲ್ಲ

ಬೆಂಗಳೂರಿನಲ್ಲಿ ಗಿಟಾರ್ ಇಟ್ಟುಕೊಂಡಿರೋ ಯಾವ ಸಾಫ್ಟ್‌ವೇರ್ ಹುಡುಗನನ್ನಾದರೂ ಕೇಳಿ ನೋಡಿ, "ನನ್ನ ಗಿಟಾರ್‌ನಲ್ಲಿ ಮೆಟಲ್ ಸೌಂಡ್ ಬರ್ತಾ ಇಲ್ಲ, ಏನ್ಮಾಡ್ಲಿ?" ಅಂತ. ಉತ್ತರ ರೆಡಿ ಇರುತ್ತೆ: "ಸ್ಟಾಕ್ ಪಿಕಪ್ ಕಿತ್ತು ಬಿಸಾಕು ಮಗಾ. ಹೈ ಔಟ್‌ಪುಟ್ ಹಾಕ್ಸು. ಹದಿನಾರು ಕೆ ಇರ್ಬೇಕು."

ಈ "ಹದಿನಾರು ಕೆ" ಅನ್ನೋದು ನಮ್ಮ ಮೆಟಲ್ ಹುಡುಗರ ಮಂತ್ರ. ಮೊಬೈಲ್ ಕೊಳ್ಳುವಾಗ ಮೆಗಾಪಿಕ್ಸೆಲ್, ಲ್ಯಾಪ್‌ಟಾಪ್ ಕೊಳ್ಳುವಾಗ ಜಿಬಿ, ಪಿಕಪ್ ಕೊಳ್ಳುವಾಗ ಕಿಲೋ ಓಮ್. ದೊಡ್ಡ ಅಂಕಿ ಕಂಡ ತಕ್ಷಣ ಕಾರ್ಡ್ ಉಜ್ಜುವ ಚಟ ನಮ್ಮ ಕಸುಬಿನವರಿಗೆ ಚೆನ್ನಾಗೇ ಅಂಟಿದೆ. ಒಂದು ತಿಂಗಳ ಪಿಜಿ ಬಾಡಿಗೆಯಷ್ಟು ದುಡ್ಡು ಕೊಟ್ಟು ಪಿಕಪ್ ತರಿಸಿ, ಬೆಸುಗೆ ಹಾಕಿಸಿ, ಆಂಪ್ ಆನ್ ಮಾಡಿದರೆ ಮೊದಲಿಗಿಂತ ಜೋರಾಗಿ ಅದೇ ಗೊಜ್ಜು. ಈ ಮಂತ್ರ ಸುಳ್ಳು ಅನ್ನೋದೇ ನನ್ನ ತಕರಾರು.

ಪಿಕಪ್ ಅಂದರೆ ಏನು? ಒಂದು ಆಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಫ್ಯಾರಡೆ ನಿಯಮವೇ. ಸುತ್ತು ಹೆಚ್ಚಿದರೆ ವೋಲ್ಟೇಜ್ ಹೆಚ್ಚು, ನಿಜ. ಆದರೆ ಇಂಡಕ್ಟೆನ್ಸ್ ಸುತ್ತುಗಳ ವರ್ಗದ ಲೆಕ್ಕದಲ್ಲಿ ಏರುತ್ತೆ. ಅದು ಏರಿದಷ್ಟೂ ಮೇಲಿನ ಸ್ವರಗಳು ಮಂಕಾಗುತ್ತವೆ, ಪ್ಲೆಕ್ಟ್ರಮ್ ತಂತಿಗೆ ಬಡಿಯುವ ಆ "ಟಕ್" ಅನ್ನೋ ಅಂಚು ಸವೆಯುತ್ತೆ. ಮೆಟಲ್ ರಿಫ್‌ಗೆ ಅತ್ಯಂತ ಬೇಕಾದದ್ದೇ ಆ ಅಂಚು!

ಇನ್ನು ಆ ಕಿಲೋ ಓಮ್. ಅದು ಔಟ್‌ಪುಟ್‌ನ ಅಳತೆಯೇ ಅಲ್ಲ, ತಂತಿಯ ರೋಧ ಅಷ್ಟೇ. ಅಷ್ಟೇ ಸುತ್ತಿಗೆ ಇನ್ನೂ ತೆಳು ತಂತಿ ಬಳಸಿದರೆ ಓಮ್ ಏರುತ್ತೆ, ಔಟ್‌ಪುಟ್ ಏರಬೇಕಂತಿಲ್ಲ. ಆಯಸ್ಕಾಂತ ಯಾವುದು, ಆಲ್ನಿಕೋನಾ ಸೆರಾಮಿಕ್ಕಾ ಅಂತ ಮಲ್ಟಿಮೀಟರ್‌ಗೆ ಗೊತ್ತೇ ಆಗಲ್ಲ. ಸೆಮೋರ್ ಡಂಕನ್ ಜೆಬಿ 16ರ ಆಸುಪಾಸು, ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಷನ್ 13 ಚಿಲ್ಲರೆ. ಹಾಗಂತ ಎರಡನೆಯದು ಬಡಪಾಯಿ ಅಂತ ಎರಡನ್ನೂ ನುಡಿಸಿದ ಯಾರೂ ಹೇಳಲ್ಲ. ಮೆಟಲ್‌ನವರ ಇಷ್ಟದೈವ ಇಎಂಜಿ 81ರ ಔಟ್‌ಪುಟ್ ಇಂಪೀಡೆನ್ಸ್ ಬರೀ 10 ಕಿಲೋ ಓಮ್. ಅಂಕಿ ನೋಡಿಯೇ ತೀರ್ಪು ಕೊಡೋದಾದರೆ ಅದನ್ನೂ ಕಸದಬುಟ್ಟಿಗೆ ಹಾಕಬೇಕಾಗುತ್ತೆ.

ಹಾಗಾದರೆ ಹೈ ಔಟ್‌ಪುಟ್ ಯಾಕೆ ಹುಟ್ಟಿತು? ಅದಕ್ಕೊಂದು ಕಾಲ, ಒಂದು ಕಾರಣ ಇತ್ತು. 1970ರ ದಶಕದ ಶುರುವಿನಲ್ಲಿ ಮಾರ್ಷಲ್ ಆಂಪ್‌ಗಳಿಗೆ ಮಾಸ್ಟರ್ ವಾಲ್ಯೂಮ್ ಇರಲಿಲ್ಲ. ಸ್ವರ ಒಡೆಯಬೇಕು ಅಂದರೆ ಇಡೀ ಬೀದಿಗೆ ಕೇಳೋ ಹಾಗೆ ಏರಿಸಬೇಕಿತ್ತು. ಆಂಪ್‌ನ ಮೊದಲ ವಾಲ್ವ್‌ಗೆ ಜೋರಾದ ಸಿಗ್ನಲ್ ಕೊಟ್ಟು ಬೇಗ ಒಡೆಸೋಣ ಅಂತ ಬಂದದ್ದು ಸೂಪರ್ ಡಿಸ್ಟಾರ್ಷನ್ ಥರದ ಪಿಕಪ್. ಬುದ್ಧಿವಂತ ಪರಿಹಾರ. ಆದರೆ 1975ರಲ್ಲಿ ಮಾರ್ಷಲ್ಲೇ ಮಾಸ್ಟರ್ ವಾಲ್ಯೂಮ್ ತಂತು. 1990ರ ದಶಕಕ್ಕೆ ಪೀವಿ 5150, ಮೆಸಾ ಡ್ಯುಯಲ್ ರೆಕ್ಟಿಫೈಯರ್ ಬಂದವು. ಒಂದರ ಹಿಂದೊಂದು ಗೇನ್ ಸ್ಟೇಜ್, ಬೇಕಾದ್ದಕ್ಕಿಂತ ಹೆಚ್ಚು ಡಿಸ್ಟಾರ್ಷನ್. ಇವತ್ತು ನಿಮ್ಮ ಲ್ಯಾಪ್‌ಟಾಪ್‌ನ ಪ್ಲಗಿನ್‌ನಲ್ಲೂ ಅದೇ ಇದೆ. ಕಾಯಿಲೆ ವಾಸಿಯಾಗಿ ಎಷ್ಟೋ ವರ್ಷ ಆಯ್ತು, ನಾವು ಇನ್ನೂ ಔಷಧಿ ಕುಡೀತಾ ಇದ್ದೀವಿ.

ಲೆಕ್ಕ ಹಾಕಿ. ಪಿಕಪ್‌ನ ವೋಲ್ಟೇಜ್ ಎರಡು ಪಟ್ಟಾದರೂ ಸಿಗೋದು 6 ಡೆಸಿಬೆಲ್. ಹೈ ಗೇನ್ ಆಂಪ್‌ನಲ್ಲಿ ಗೇನ್ ಗುಬ್ಬಿಯನ್ನ ಸ್ವಲ್ಪ ತಿರುಗಿಸಿದರೆ ಅಷ್ಟು ಪುಕ್ಕಟೆ ಬರುತ್ತೆ. ಒಂದೂವರೆ ಇಂಚಿನ ಪೈಪಿಗೆ ಮೂರು ಎಚ್‌ಪಿ ಮೋಟರ್ ಸಾಕಾಗಿರುವಾಗ ಹತ್ತು ಎಚ್‌ಪಿ ಕೂರಿಸಿದರೆ ಗದ್ದೆಗೆ ಮೂರು ಪಟ್ಟು ನೀರು ಹರಿಯಲ್ಲ. ಆಗಲೇ ತುಂಬಿ ಕ್ಲಿಪ್ ಆಗ್ತಿರೋ ಆಂಪ್‌ಗೆ ಇನ್ನಷ್ಟು ಸಿಗ್ನಲ್ ತುರುಕಿದರೂ ಅದೇ ಕತೆ.

ನಿಮ್ಮ ವಾದ ಸರಿ ಅಂತಾದರೆ ಚರಿತ್ರೆ ಹೀಗೆ ಇರಬಾರದಿತ್ತು. 1970ರ ಬ್ಲ್ಯಾಕ್ ಸಬಾತ್ ಮೊದಲ ಆಲ್ಬಮ್‌ನಲ್ಲಿ ಟೋನಿ ಅಯೋಮಿ ನುಡಿಸಿದ್ದು ಬಹುಪಾಲು ಗಿಬ್ಸನ್ ಎಸ್‌ಜಿಯ ಪಿ-90 ಪಿಕಪ್‌ನಲ್ಲಿ. ಅದು 1940ರ ದಶಕದ ಸಿಂಗಲ್ ಕಾಯಿಲ್, ಆಗ ಮೆಟಲ್ ಅನ್ನೋದೇ ಹುಟ್ಟಿರಲಿಲ್ಲ. ಭಾರ ಎಲ್ಲಿಂದ ಬಂತು? ಆಂಪ್‌ನ ಮುಂದಿದ್ದ ಟ್ರೆಬಲ್ ಬೂಸ್ಟರ್‌ನಿಂದ, ಫ್ಯಾಕ್ಟರಿಯಲ್ಲಿ ಬೆರಳ ತುದಿ ಕಳಕೊಂಡೂ ಬಿಡದ ಕೈಯಿಂದ. 1978ರಲ್ಲಿ ಎಡ್ಡಿ ವ್ಯಾನ್ ಹ್ಯಾಲೆನ್ ಬಳಸಿದ್ದು ಹಳೇ ಗಿಬ್ಸನ್‌ನಿಂದ ಕಿತ್ತ ಸಾಧಾರಣ ಔಟ್‌ಪುಟ್ ಹಂಬಕರ್. 1990ರಲ್ಲಿ ಸ್ಟಾಕ್‌ಹೋಮ್‌ನ ಎಂಟೂಂಬ್ಡ್ ತಂಡದ ಗರಗಸದಂಥ ಸದ್ದಿನ ಗುಟ್ಟು ಬಾಸ್ ಎಚ್‌ಎಂ-2 ಅನ್ನೋ ಪೆಡಲ್.

ಇನ್ನೊಂದು ಸ್ವಾರಸ್ಯ. ಭಾರ ಹುಟ್ಟೋದೇ ಡಿಸ್ಟಾರ್ಷನ್ ಒಳಗೆ. ದಪ್ಪ ತಂತಿಯ ಇ ಸ್ವರ 82 ಹರ್ಟ್ಸ್, ಅದರ ಪಂಚಮ ಸುಮಾರು 123. ಎರಡನ್ನೂ ಒಟ್ಟಿಗೆ ಬಾರಿಸೋದೇ ಪವರ್ ಕಾರ್ಡ್. ಸದ್ದು ಒಡೆದಾಗ ಎರಡರ ವ್ಯತ್ಯಾಸ, 41 ಹರ್ಟ್ಸ್, ಅಂದರೆ ಒಂದು ಸ್ಥಾಯಿ ಕೆಳಗಿನ ಇ ತಾನಾಗಿ ಹುಟ್ಟುತ್ತೆ. ನೀವು ಮೀಟದೇ ಇರೋ ಸ್ವರ! ಅದು ಚೊಕ್ಕವಾಗಿ ಹುಟ್ಟಬೇಕಾದರೆ ಒಳಗೆ ಹೋಗೋ ಎರಡು ಸ್ವರ ಚೊಕ್ಕ ಇರಬೇಕು. ಒಳಗೆ ಕೆಸರು ಹೋದರೆ ಹೊರಗೂ ಕೆಸರೇ. ಅದಕ್ಕೇ ಎಷ್ಟೋ ಮೆಟಲ್ ಗಿಟಾರಿಸ್ಟ್‌ಗಳು ಆಂಪ್ ಮುಂದೆ ಟ್ಯೂಬ್ ಸ್ಕ್ರೀಮರ್ ಇಟ್ಟು, ಡ್ರೈವ್ ಸೊನ್ನೆ ಮಾಡಿ, ಬಾಸ್ ಕಡಿದು ಕಳಿಸ್ತಾರೆ. ನಾವಿಲ್ಲಿ ಬಾಸ್ ಉಬ್ಬಿದ ಪಿಕಪ್‌ಗೆ ದುಡ್ಡು ಸುರೀತೀವಿ.

ಆದರೆ ನನ್ನ ನಿಜವಾದ ಸಿಟ್ಟು ದುಡ್ಡಿನ ಬಗ್ಗೆ ಅಲ್ಲ. ಸಿಗ್ನಲ್ ಅತಿಯಾಗಿ ತುಂಬಿದರೆ ಮೆಲ್ಲಗೆ ಬಾರಿಸಿದ್ದು, ಜೋರಾಗಿ ಬಾರಿಸಿದ್ದು ಎರಡೂ ಒಂದೇ ಥರ ಕೇಳುತ್ತೆ. ಪಾಮ್ ಮ್ಯೂಟ್ ತಪ್ಪಿದ್ದು ಕೇಳಲ್ಲ, ತಾಳ ಜಾರಿದ್ದು ಕೇಳಲ್ಲ. ರೂಮಿನಲ್ಲಿ ಒಬ್ಬರೇ ಇದ್ದಾಗ ನೀವೇ ಹೆಟ್‌ಫೀಲ್ಡ್. ಡ್ರಮ್ಮರ್, ಬಾಸಿಸ್ಟ್ ಜೊತೆ ನಿಂತ ದಿನ ನಿಮ್ಮ ಗಿಟಾರ್ ಎಲ್ಲಿ ಹೋಯ್ತು ಅಂತ ಟಾರ್ಚ್ ಹಾಕಿ ಹುಡುಕಬೇಕು. ಆಗಲೂ ನಾವು ಕೈಯನ್ನ ಅನುಮಾನಿಸಲ್ಲ, ಇನ್ನೊಂದು ಪಿಕಪ್ ಆರ್ಡರ್ ಮಾಡ್ತೀವಿ. ಕುಣಿಯೋಕೆ ಬಾರದವರು ನೆಲ ಡೊಂಕು ಅಂದರಂತೆ. ನಮಗೆ ಹೊಸ ನೆಲ ಇಎಂಐ ಮೇಲೆ ಸಿಗುತ್ತೆ, ಅಷ್ಟೇ ವ್ಯತ್ಯಾಸ. ಹೀಗೆ ಎರಡು ಮೂರು ಸುತ್ತು ಆದ ಮೇಲೆ "ನನಗೆ ಇದು ಆಗಿಬರಲ್ಲ" ಅಂತ ಗಿಟಾರ್ ಬೀರು ಹಿಂದೆ ಸೇರುತ್ತೆ. ಕಲಿಯಬಹುದಾಗಿದ್ದ ಒಂದು ವಿದ್ಯೆಯನ್ನ ನಾವು ಶಾಪಿಂಗ್ ಮಾಡಿಯೇ ಕೊಂದಿರ್ತೀವಿ.

"ಹೆಟ್‌ಫೀಲ್ಡ್ ಕೈಲಿರೋದೇ ಇಎಂಜಿ ಅಲ್ವಾ?" ಅಂತ ನೀವು ಕೇಳ್ತೀರಿ. ಹೌದು. 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹೋದ ಮೇಲಂತೂ ಆ ಹೆಸರು ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಆದರೆ ಅದು ಆಕ್ಟಿವ್ ಪಿಕಪ್. ಅದರ ಜೋರು ಸುತ್ತು ಹೆಚ್ಚಿಸಿ ಬಂದದ್ದಲ್ಲ, ಒಳಗೇ ಇರೋ 9 ವೋಲ್ಟ್ ಬ್ಯಾಟರಿಯ ಪ್ರೀಆಂಪ್‌ನಿಂದ ಬಂದದ್ದು. ಅದಕ್ಕೇ ಬಾಸ್ ಬಿಗಿಯಾಗಿರುತ್ತೆ, ಗುಂಯ್‌ಗುಡೋದು ಕಮ್ಮಿ. ವೇಗದ ರಿಫ್‌ಗೆ ಅದು ಬೇಕು ಅನ್ನಿಸಿದರೆ ತಗೊಳ್ಳಿ. ಹಳೇ ಕಾಲದ ಸಿಂಗಲ್ ಚಾನೆಲ್ ಆಂಪ್ ಇದ್ದು, ಪೆಡಲ್ ಇಷ್ಟ ಇಲ್ಲ ಅಂದರೆ ಹೈ ಔಟ್‌ಪುಟ್ ಪ್ಯಾಸಿವ್ ಹಾಕಿಸಿ, ಅದು ಹುಟ್ಟಿದ್ದೇ ಅದಕ್ಕೆ. ಹೈ ಗೇನ್ ಆಂಪ್ ಅಥವಾ ಪ್ಲಗಿನ್ ಇರೋ ಉಳಿದೆಲ್ಲರಿಗೂ ಮಧ್ಯಮ ಔಟ್‌ಪುಟ್‌ನ, ಬಾಸ್ ಬಿಗಿ ಇರೋ ಹಂಬಕರ್ ಧಾರಾಳ ಸಾಕು.

ಅದಕ್ಕೂ ಮುಂಚೆ ಒಂದು ಸ್ಕ್ರೂಡ್ರೈವರ್ ಎತ್ತಿಕೊಳ್ಳಿ. ಪಿಕಪ್‌ನ ಎರಡೂ ಕಡೆ ಇರೋ ತಿರುಪು ತಿರುಗಿಸಿ ಎತ್ತರ ಬದಲಿಸಿ ಕೇಳಿ. ತಂತಿಗೆ ಹತ್ತಿರವಾದಷ್ಟು ಜೋರು, ದೂರವಾದಷ್ಟು ತಿಳಿ. ಡ್ರಾಪ್ ಸಿಗೆ ಇಳಿಸಿಯೂ ತೆಳು ತಂತಿಯಲ್ಲೇ ನುಡಿಸ್ತಿದ್ದರೆ ದಪ್ಪ ಸೆಟ್ ಹಾಕಿ. ಸಡಿಲ ತಂತಿಯನ್ನ ಯಾವ ಪಿಕಪ್ಪೂ ಬಿಗಿ ಮಾಡಲ್ಲ. ಗೇನ್ ಅರ್ಧಕ್ಕೆ ಇಳಿಸಿ, ಮೆಟ್ರೋನೋಮ್ ಹಾಕಿ, ಒಂದೇ ರಿಫ್ ಅರ್ಧ ಗಂಟೆ ನುಡಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲು ಹೊಟ್ಟೆಯಲ್ಲಿ ಖಾರ ಕಲಸಿದ ಹಾಗಾಗುತ್ತೆ, ಯಾಕಂದ್ರೆ ಕೇಳೋದು ನಿಮ್ಮದೇ ಕೈ. ಒಂದು ತಿಂಗಳು ಹೀಗೆ ಮಾಡಿ. ಆಮೇಲೂ ಹೊಸ ಪಿಕಪ್ ಬೇಕು ಅನ್ನಿಸಿದರೆ ಖಂಡಿತ ಕೊಳ್ಳಿ. ಆಗ ಯಾವುದು ಬೇಕು ಅಂತ ಅಂಕಿ ನೋಡಿ ಅಲ್ಲ, ಕಿವಿಯಿಂದಲೇ ಹೇಳ್ತೀರಿ.