ಕೊಳಗ, ನೋಟು ಮತ್ತು ವೋಟು

ಪೋಷಕರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿ. ಮುಂದಿನ ವಿಧಾನಸಭಾ ಚುನಾವಣೆಗೆ ತಮ್ಮ ಕ್ಷೇತ್ರದಿಂದ ನಿಲ್ಲಲಿರುವ ಪ್ರಗತಿಪರ ವಿಚಾರದ ಅಭ್ಯರ್ಥಿಯೊಬ್ಬರ ಪರವಾಗಿ ಕೆಲಸ ಮಾಡುತ್ತೇನೆಂದು ಹೊರಟಿದ್ದಾನಂತೆ. ಸಾಲದ್ದಕ್ಕೆ, ಮನೆಪಾಠ ಹೇಳಿ ಗಳಿಸಿದ ದುಡ್ಡಿನಲ್ಲಿ ಐನೂರು ರೂಪಾಯಿ ಚಂದಾ ಬೇರೆ ಕೊಟ್ಟಿದ್ದಾನೆ. ‘ಊರೆಲ್ಲ ಅಭ್ಯರ್ಥಿಗಳಿಂದ ತೆಗೆದುಕೊಳ್ಳುವ ಕಾಲದಲ್ಲಿ ಇವನು ಕೊಟ್ಟು ಬಂದಿದ್ದಾನೆ. ಆ ಮನುಷ್ಯನಿಗೆ ಠೇವಣಿಯೂ ಉಳಿಯುವುದಿಲ್ಲ. ನೀವು ವಿಜ್ಞಾನದ ಮೇಷ್ಟ್ರು, ಇವನಿಗೆ ನಾಲ್ಕು ಬುದ್ಧಿಮಾತು ಬರೆಯಿರಿ’ ಎಂಬುದು ತಂದೆಯವರ ಕೋರಿಕೆ.

ಅಭ್ಯರ್ಥಿ ಯಾರು, ಯಾವ ಪಕ್ಷ ಎಂಬುದನ್ನು ಅವರು ಬರೆದಿಲ್ಲ. ಬರೆದಿದ್ದರೂ ನಾನದನ್ನು ಇಲ್ಲಿ ಹೇಳುವಂತಿರಲಿಲ್ಲ. ಚುನಾವಣೆಯ ದಿನ ಮತಗಟ್ಟೆಯಲ್ಲಿ ಕುಳಿತು, ಬಂದವರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿಸುವ ಕೆಲಸ ನಮ್ಮಂಥ ಶಿಕ್ಷಕರದು. (ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ಬೆರೆತು ಬೆಳಕಿಗೆ ಕಪ್ಪಾಗುತ್ತದೆ, ಸೋಪು ಹಾಕಿ ತಿಕ್ಕಿದರೆ ಹೋಗದು. 1962ರ ಚುನಾವಣೆಯಿಂದ ಇದು ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ದೇಶಕ್ಕೆಲ್ಲ ಹೋಗುತ್ತಿದೆ.) ಆದ್ದರಿಂದ ಇಂಥವರಿಗೆ ಮತ ಹಾಕಿ ಎಂದು ನಾನು ಹೇಳಲಾರೆ. ಆದರೆ ‘ಕೊಟ್ಟು ಬಂದಿದ್ದಾನೆ’ ಎಂಬ ಮಾತನ್ನು ಓದಿದಾಗ ನನಗೆ ನೆನಪಾದದ್ದು ಶಾಂತವೇರಿ ಗೋಪಾಲಗೌಡರು. ಅವರ ಕಥೆಯನ್ನು ಹೇಳಲು ಅಡ್ಡಿಯಿಲ್ಲ. ಅದು ಶುರುವಾಗುವುದು ಚುನಾವಣೆಯಿಂದಲ್ಲ, ಒಂದು ಅಳತೆಯ ಪಾತ್ರೆಯಿಂದ.

ಸಾಗರ ತಾಲ್ಲೂಕಿನಲ್ಲಿ ಕಾಗೋಡು ಎಂಬ ಊರಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಲ್ಲಿಯ ಗದ್ದೆಗಳನ್ನು ಉಳುತ್ತಿದ್ದವರು ಗೇಣಿದಾರರು. ಅವರಲ್ಲಿ ಹೆಚ್ಚಿನವರು ದೀವರು. ಗದ್ದೆಯ ಒಡೆಯರು ಬೇರೆ. ಸುಗ್ಗಿಯಾದ ಮೇಲೆ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಒಡೆಯರಿಗೆ ಕೊಡಬೇಕು. ಗೇಣಿ ಅಳೆಯುವ ಕೊಳಗ ಸರ್ಕಾರ ನಿಗದಿ ಮಾಡಿದ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ದೂರು. ಅವರು ಕೇಳಿದ್ದು ಇಷ್ಟೇ: ಸರಿಯಾದ ಕೊಳಗದಲ್ಲಿ ಅಳೆಯಿರಿ.

ಇದೇನು ಮಹಾ ವಿಷಯ, ಪಾತ್ರೆ ಸ್ವಲ್ಪ ದೊಡ್ಡದಿದ್ದರೆ ಏನಾಗಿಬಿಡುತ್ತದೆ ಎಂದು ನಿಮಗನ್ನಿಸಬಹುದು. ಹೈಸ್ಕೂಲಿನ ಮಕ್ಕಳು ಪೆನ್ಸಿಲ್ ಹಿಡಿಯಿರಿ. ಉರುಳೆಯಾಕಾರದ ಒಂದು ಪಾತ್ರೆ ಇದೆಯೆನ್ನಿ. ಅದರ ಬಾಯಿಯ ವ್ಯಾಸ 20 ಸೆಂಟಿಮೀಟರ್, ಎತ್ತರವೂ 20 ಸೆಂಟಿಮೀಟರ್. ಅದರಲ್ಲಿ ಸುಮಾರು 6.28 ಲೀಟರ್ ಹಿಡಿಸುತ್ತದೆ. ಈಗ ವ್ಯಾಸವನ್ನೂ ಎತ್ತರವನ್ನೂ ಎರಡೆರಡೇ ಸೆಂಟಿಮೀಟರ್ ಹೆಚ್ಚಿಸಿ. ಎರಡೂ ಪಾತ್ರೆಗಳನ್ನು ಒಂದೊಂದಾಗಿ ತೋರಿಸಿದರೆ ಯಾವುದು ದೊಡ್ಡದೆಂದು ಹೇಳುವುದು ಕಷ್ಟ. ಆದರೆ ಎರಡನೆಯದರಲ್ಲಿ ಹಿಡಿಸುವುದು ಸುಮಾರು 8.36 ಲೀಟರ್. ಉದ್ದದಲ್ಲಿ ಶೇಕಡಾ 10 ಬೆಳೆದದ್ದು ಘನಫಲದಲ್ಲಿ ಶೇಕಡಾ 33 ಬೆಳೆದಿದೆ. ಏಕೆಂದರೆ 1.1ನ್ನು ಮೂರು ಸಲ ಗುಣಿಸಿದರೆ 1.331. ಇಂಥ ಪಾತ್ರೆಯಲ್ಲಿ ಮೂವತ್ತು ಸಲ ಅಳೆದುಕೊಟ್ಟವನು ಮೂವತ್ತೇ ಕೊಟ್ಟೆನೆಂದು ತಿಳಿದಿರುತ್ತಾನೆ. ಒಡೆಯನ ಕಣಜಕ್ಕೆ ಹೋಗಿರುವುದು ನಲವತ್ತು. ಇದು ಲೆಕ್ಕಕ್ಕಾಗಿ ನಾನು ಕಲ್ಪಿಸಿದ ಪಾತ್ರೆ, ಕಾಗೋಡಿನದಲ್ಲ. ಆದರೆ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ ಹೊಟ್ಟೆಗೆ ಹೇಗೆ ಕಾಣುತ್ತದೆಂಬುದು ಇದರಿಂದ ತಿಳಿಯುತ್ತದೆ. ಅದರ ಮೇಲೆ, ಭತ್ತವನ್ನು ತಲೆ ಸವರಿ ಅಳೆಯಬೇಕೋ ರಾಶಿ ಏರಿಸಿ ಅಳೆಯಬೇಕೋ ಎಂಬ ಇನ್ನೊಂದು ತಕರಾರು ಇದ್ದೇ ಇರುತ್ತದೆ. ಅಳೆಯುವ ಕೈ ಯಾರದು ಎಂಬುದರ ಮೇಲೆ ಆ ರಾಶಿಯ ಎತ್ತರ!

ಎಚ್. ಗಣಪತಿಯಪ್ಪನವರು ಈ ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲ್ 18ರಂದು ಕಾಗೋಡು ಸತ್ಯಾಗ್ರಹ ಆರಂಭವಾಯಿತು. ತಮ್ಮನ್ನು ಬಿಡಿಸಿದ್ದ ಗದ್ದೆಗಳಿಗೇ ರೈತರು ನೇಗಿಲು ಹೊತ್ತು ಇಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ನೂರಾರು ಜನ ಜೈಲು ಸೇರಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ತಾವೂ ಬಂಧನಕ್ಕೊಳಗಾದರು. ಈ ಚಳವಳಿಯ ಮುಂಚೂಣಿಯಲ್ಲಿದ್ದ ಸಮಾಜವಾದಿ ತರುಣರಲ್ಲಿ ಗೋಪಾಲಗೌಡರೊಬ್ಬರು. ತೀರ್ಥಹಳ್ಳಿ ತಾಲ್ಲೂಕಿನವರು, 1923ರಲ್ಲಿ ಹುಟ್ಟಿದವರು, 1942ರ ಚಳವಳಿಯಲ್ಲಿ ಹೈಸ್ಕೂಲು ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡಿದ್ದವರು. ಹಣವಿಲ್ಲ, ಜಮೀನ್ದಾರಿಯ ಬೆನ್ನಿಲ್ಲ.

ಮರುವರ್ಷ, 1952ರಲ್ಲಿ, ದೇಶದ ಮೊದಲ ಮಹಾಚುನಾವಣೆ. ಸಾಗರ-ಹೊಸನಗರ ಕ್ಷೇತ್ರಕ್ಕೆ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ನಿಂತರು. ಗುರುತು ಆಲದ ಮರ. ಆಗ ಈಗಿನ ಹಾಗೆ ಯಂತ್ರವೂ ಇಲ್ಲ, ಮುದ್ರೆ ಒತ್ತುವುದೂ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಚಿತ್ರ ಗುರುತು. ಓದು ಬಾರದ ರೈತ ತನಗೆ ಬೇಕಾದ ಗುರುತಿನ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಒಡೆಯನ ಮುಂದೆ ತಲೆಯೆತ್ತಿ ನಿಲ್ಲಲಾಗದವನು ಪರದೆಯ ಹಿಂದೆ ಒಬ್ಬನೇ ನಿಂತ ಆ ಗಳಿಗೆಯನ್ನು ಊಹಿಸಿಕೊಳ್ಳಿ. ಗೋಪಾಲಗೌಡರು ಗೆದ್ದರು. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74 ದಕ್ಕಿದ್ದ ಆ ಚುನಾವಣೆಯಲ್ಲಿ ಸಮಾಜವಾದಿಗಳಿಗೆ ಬಂದದ್ದು ಮೂರೇ ಮೂರು. ಅದರಲ್ಲಿ ಇದೊಂದು.

ಈಗ ನಮ್ಮ ಪತ್ರಲೇಖಕರ ಚಿಂತೆಗೆ ಬರೋಣ. ಗೋಪಾಲಗೌಡರ ಚುನಾವಣಾ ಪ್ರಚಾರದ ಘೋಷಣೆಯನ್ನು ಮಲೆನಾಡಿನ ಹಿರಿಯರು ಇಂದಿಗೂ ಹೇಳುತ್ತಾರೆ: ಒಂದು ವೋಟು, ಒಂದು ನೋಟು. ಅಂದರೆ ಮತದಾರ ತನ್ನ ಅಭ್ಯರ್ಥಿಗೆ ಮತವನ್ನೂ ಕೊಡಬೇಕು, ಜೊತೆಗೆ ಒಂದು ರೂಪಾಯಿಯನ್ನೂ ಕೊಡಬೇಕು. ಇಂದಿನ ಮಕ್ಕಳಿಗೆ ಈ ಮಾತು ಹೇಳಿದರೆ ತಿರುಗಾಮುರುಗಾ ಆಗಿದೆಯೇನೋ ಎಂದು ನಗುತ್ತಾರೆ. ತರಗತಿಯಲ್ಲಿ ನಾನೇ ಕಂಡಿದ್ದೇನೆ. ‘ಸಾರ್, ಅದು ಒಂದು ವೋಟಿಗೆ ಎಷ್ಟು ನೋಟು ಅಂತ ಅಲ್ವಾ?’ ಎಂದು ಒಬ್ಬ ಹುಡುಗ ಕೇಳಿದ. ತಪ್ಪು ಅವನದಲ್ಲ. ಮನೆಯಲ್ಲಿ ಕೇಳಿದ್ದನ್ನು ಹೇಳಿದ, ಅಷ್ಟೆ.

ಆ ಒಂದು ರೂಪಾಯಿಯನ್ನು ಬರೀ ಪೆಟ್ರೋಲಿನ, ಕರಪತ್ರದ ಖರ್ಚೆಂದು ನಾನು ತಿಳಿದಿಲ್ಲ. ವಿದ್ಯುತ್ತು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡದೆ ಮೀಟರ್ ಜೋಡಿಸಿದರೆ ಮುಳ್ಳು ಉಲ್ಟಾ ತಿರುಗುತ್ತದೆ. ಹಣದ ಹರಿವೂ ಹಾಗೆಯೇ. ಅಭ್ಯರ್ಥಿಯಿಂದ ಮತದಾರನಿಗೆ ನೋಟು ಬಂದರೆ ಅಂದೇ ವ್ಯವಹಾರ ಮುಗಿಯಿತು; ಸಾಮಾನು ಕೊಂಡವನನ್ನು ಐದು ವರ್ಷ ಪ್ರಶ್ನಿಸುವ ಹಕ್ಕು ಮಾರಿದವನಿಗೆ ಎಲ್ಲಿಂದ ಬರಬೇಕು? (ಕಾನೂನಿನ ಪ್ರಕಾರ ಕೊಡುವವನಷ್ಟೇ ಅಲ್ಲ, ತೆಗೆದುಕೊಳ್ಳುವವನೂ ಅಪರಾಧಿ. ಇದು ಬಹಳ ಪೋಷಕರಿಗೆ ಗೊತ್ತಿಲ್ಲ, ಅಥವಾ ಗೊತ್ತಿಲ್ಲದಂತೆ ಇರುತ್ತಾರೆ.) ಮತದಾರನಿಂದ ಅಭ್ಯರ್ಥಿಗೆ ಒಂದೇ ರೂಪಾಯಿ ಹೋದರೂ ಲೆಕ್ಕ ಅಂದಿನಿಂದ ತೆರೆಯುತ್ತದೆ. ‘ನನ್ನ ದುಡ್ಡು ಹಾಕಿದ್ದೇನೆ, ಏನು ಮಾಡಿದೆ ಹೇಳು’ ಎಂದು ಗೇಣಿದಾರನೂ ಕೇಳಬಹುದು. ಇನ್ನೊಂದು ಸ್ವಾರಸ್ಯ ನೋಡಿ. ಬೇರೆ ನೋಟುಗಳ ಮೇಲೆ ಇಷ್ಟು ಹಣ ಕೊಡುತ್ತೇನೆಂಬ ರಿಸರ್ವ್ ಬ್ಯಾಂಕ್ ಗವರ್ನರರ ವಚನವಿರುತ್ತದೆ. ಒಂದು ರೂಪಾಯಿ ನೋಟಿನ ಮೇಲೆ ಆ ವಚನವಿಲ್ಲ. ಅದು ಭಾರತ ಸರ್ಕಾರದ ನೋಟು, ಸಹಿ ಹಣಕಾಸು ಕಾರ್ಯದರ್ಶಿಯದು. ಗೋಪಾಲಗೌಡರ ಕೈಗೆ ಬಂದ ನೋಟಿಗೆ ವಚನವನ್ನು ಅವರೇ ಕೊಡಬೇಕಾಗಿತ್ತು.

ಇನ್ನು ಸೋಲುವವರನ್ನು ಬೆಂಬಲಿಸಿ ಮತ ಹಾಳುಮಾಡುವುದೇಕೆ ಎಂಬ ಪ್ರಶ್ನೆ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗವನ್ನು ಪಡೆಯದವರ ಠೇವಣಿ ಹೋಗುತ್ತದೆ; ವಿಧಾನಸಭೆಗೆ ಈಗ ಅದು 10,000 ರೂಪಾಯಿ, ಪರಿಶಿಷ್ಟರಿಗೆ 5,000. ಹೋಗುವುದು ಠೇವಣಿ, ಮತವಲ್ಲ. ಪ್ರಯೋಗಶಾಲೆಯಲ್ಲಿ ನಾವು ಎದುರುನೋಡಿದ ಬಣ್ಣ ಬರದಿದ್ದರೆ ಅದನ್ನೂ ದಾಖಲೆ ಪುಸ್ತಕದಲ್ಲಿ ಬರೆಯುತ್ತೇವೆ. ಮುಂದಿನವನಿಗೆ ಅದು ಮಾಹಿತಿ. ಒಂದು ಕ್ಷೇತ್ರದಲ್ಲಿ ಮೂರು ಸಾವಿರ ಜನ ಇಂಥ ವಿಚಾರಕ್ಕೆ ಮತ ಹಾಕಿದ್ದಾರೆಂಬುದು ಗೆದ್ದವರೂ ಓದುವ ಅಂಕಿ. ಗೋಪಾಲಗೌಡರೇ 1957ರಲ್ಲಿ ಸೋತರು. ಅಂದು ಅವರಿಗೆ ಬಿದ್ದ ಮತಗಳನ್ನು ವ್ಯರ್ಥವೆನ್ನುವುದಾದರೆ, 1962ರಲ್ಲೂ 1967ರಲ್ಲೂ ತೀರ್ಥಹಳ್ಳಿಯಿಂದ ಅವರು ಗೆದ್ದದ್ದು ಯಾವ ನೆಲದ ಮೇಲೆ?

ಗೆದ್ದಾಗಲೂ ಅವರು ಮಂತ್ರಿಯಾದವರಲ್ಲ, ಕುಳಿತದ್ದು ವಿರೋಧ ಪಕ್ಷದ ಸಾಲಿನಲ್ಲಿ. ಗೇಣಿದಾರರ ವಿಷಯ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಇವುಗಳ ಬಗ್ಗೆ ಅವರು ಆಡಿದ ಮಾತುಗಳು ಸದನದ ನಡವಳಿಗಳಲ್ಲಿವೆ. 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಗೆ ಬಂತಾದರೂ ಅದರಲ್ಲಿ ನುಸುಳಲು ಸಂದುಗಳು ಬೇಕಾದಷ್ಟಿದ್ದವು. 1972ರ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ವಯಸ್ಸು 49. ಮರುವರ್ಷ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಜಾರಿಗೆ ಬಂದು, ಉಳುತ್ತಿದ್ದ ಗೇಣಿದಾರ ನಮೂನೆ 7ರ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ಒಡೆತನ ಕೇಳುವಂತಾಯಿತು. ಎರಡನ್ನೂ ಅವರು ನೋಡಲಿಲ್ಲ. ಕೊಳಗ, ಸೇರುಗಳಂತೂ ಅಷ್ಟರಲ್ಲಿ ಹೋಗಿ, ದೇಶದಲ್ಲಿ ಮೆಟ್ರಿಕ್ ಅಳತೆ ಬಂದಿತ್ತು. (ಕಾದಂಬರಿ ಓದುವ ಹವ್ಯಾಸವಿರುವ ಪಿಯುಸಿ ವಿದ್ಯಾರ್ಥಿಗಳು ಅನಂತಮೂರ್ತಿಯವರ ‘ಅವಸ್ಥೆ’ಯನ್ನು ನೋಡಬಹುದು; ಅದರ ಕೃಷ್ಣಪ್ಪನ ಪಾತ್ರಕ್ಕೆ ಪ್ರೇರಣೆ ಇವರೇ.)

ಆದ್ದರಿಂದ, ಪತ್ರ ಬರೆದ ಮಹನೀಯರೇ, ನಿಮ್ಮ ಮಗನನ್ನು ತಡೆಯಿರಿ ಎಂದು ನಾನು ಬರೆಯಲಾರೆ. ಅವನಿಗೆ 18 ತುಂಬಿದೆ. 1989ಕ್ಕೆ ಮುಂಚೆ ಇದ್ದಂತೆ 21ರವರೆಗೆ ಕಾಯಬೇಕಾಗಿಲ್ಲ. ನಿಮ್ಮ ಚಿಕ್ಕ ಮಕ್ಕಳನ್ನು ಮಾತ್ರ ಬಾವುಟ ಹಿಡಿಸಿ ಕಳಿಸಬೇಡಿ. ಮಕ್ಕಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ 2024ರಲ್ಲಿ ಮತ್ತೆ ಕಟ್ಟುನಿಟ್ಟಾಗಿ ಹೇಳಿದೆ.

ಮಗನಿಗೂ ಎರಡು ಮಾತು. ಪ್ರಗತಿಪರ ಎಂಬುದು ಭಿತ್ತಿಪತ್ರದಲ್ಲಿ ಯಾರು ಬೇಕಾದರೂ ಅಚ್ಚು ಹಾಕಿಸಿಕೊಳ್ಳಬಹುದಾದ ಪದ. ಹೇಳುವವರ ಕೊಳಗವನ್ನೂ ಅಳೆದು ನೋಡು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ಓದು, ಮೇಲಿರುವ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಲೇಬೇಕು. ನಾಮಪತ್ರ ಸಲ್ಲಿಕೆಯಾದ ಮೇಲೆ ಅದನ್ನು ತರಿಸಿ ಓದು. ನಿನ್ನ ಅಭ್ಯರ್ಥಿಯದನ್ನು ಮೊದಲು, ಎದುರಾಳಿಗಳದನ್ನು ಆಮೇಲೆ. ನಿನ್ನ ತಾಲ್ಲೂಕಿನಲ್ಲಿ ಯಾರ ಅಳತೆ ತಪ್ಪಾಗಿದೆ, ಕೂಲಿಯಲ್ಲೋ, ಶಾಲೆಯಲ್ಲೋ, ಕುಡಿಯುವ ನೀರಿನಲ್ಲೋ, ಅದನ್ನು ಸರಿಪಡಿಸಲು ಸದನದಲ್ಲಿ ಏನು ಮಾಡುವಿರಿ ಎಂದು ಅವರನ್ನೇ ಕೇಳು. ಕೊಟ್ಟ ಐನೂರಕ್ಕೆ ರಸೀದಿ ತೆಗೆದುಕೊಂಡಿದ್ದೀಯೋ ಇಲ್ಲವೋ, ಪತ್ರದಲ್ಲಿ ತಂದೆಯವರು ಬರೆದಿಲ್ಲ. ತೆಗೆದುಕೊಂಡಿಲ್ಲವಾದರೆ ನಾಳೆಯೇ ಹೋಗಿ ಕೇಳು.